ಕಂಪನಿಯ ನಾಲಿಗೆ

ನಮ್ಮೂರಿನ ಕೋರ್ಟಿಗೆ ಹದಿನಾಲ್ಕು ಮೆಟ್ಟಿಲು. ಆರನೆಯ ಮೆಟ್ಟಿಲಿನ ಎಡಗಡೆ, ಮೂರು ಗಂಟೆಯ ಮೇಲೆ ಕಂಬದ ನೆರಳು ಬೀಳುವ ಜಾಗ ನನ್ನದು. ಇಪ್ಪತ್ತೆರಡು ವರ್ಷ ಅಲ್ಲಿ ಕೂತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ತೀರ್ಪು ಹೊರಬೀಳುತ್ತದೆ, ಜನ ಕಾಗದ ಹಿಡಿದುಕೊಂಡು ಹೊರಗೆ ಬರುತ್ತಾರೆ. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ, ಅವರ ವಕೀಲನಿಗೆ ಅರ್ಧ ಗೊತ್ತಿರುತ್ತದೆ. ಮೆಟ್ಟಿಲ ಮೇಲೆ ಕೂತ ನಾವು ಐದು ಜನ ಅದನ್ನು ಬಿಡಿಸಿ ಹೇಳುತ್ತೇವೆ. ಯಾವ ಕಲಮು, ಯಾವ ಹಳೆಯ ತೀರ್ಪಿನ ಆಧಾರ, ಮೇಲಿನ ಕೋರ್ಟಿಗೆ ಹೋದರೆ ನಿಲ್ಲುತ್ತದೋ ಬೀಳುತ್ತದೋ. ಊರವರು ನಮ್ಮನ್ನು ಮೆಟ್ಟಿಲಿನವರು ಎನ್ನುತ್ತಾರೆ. ಶನಿವಾರದ ಪತ್ರಿಕೆಯಲ್ಲಿ ನಮಗೆ ಒಂದೊಂದು ಅಂಕಣವೂ ಇದೆ. ವಕೀಲರಾಗಲು ಆಗದವರು, ಮಾಸ್ತರಿಕೆ ಮಾಡಿ ಬೇಸತ್ತವರು, ನನ್ನ ಹಾಗೆ ಕೋರ್ಟಿನ ನಕಲು ವಿಭಾಗದಲ್ಲಿ ಬರೆದೂ ಬರೆದೂ ಬೆರಳು ಸೊಟ್ಟಗಾದವರು ಈ ಕೆಲಸಕ್ಕೆ ಬರುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಮಾಡಿದವನು ನಮ್ಮನ್ನು ನೋಡಿರಲಿಕ್ಕಿಲ್ಲ.

ನಮ್ಮಲ್ಲಿ ದಂಡವನ್ನು ರುಚಿಯಲ್ಲಿ ವಸೂಲು ಮಾಡುತ್ತಾರೆ. ದಾರಿಗೆ ಅಡ್ಡ ಗಾಡಿ ನಿಲ್ಲಿಸಿದರೆ ಎಂಟು ದಿನ ನಾಲಿಗೆಯಿಂದ ಒಗರು ಹೋಗುತ್ತದೆ. ಅದು ಹೋಯಿತೆಂದು ಯಾರೂ ಅಳುವುದಿಲ್ಲ, ಎಲೆ ಅಡಿಕೆ ಹಾಕುವವರು ಸ್ವಲ್ಪ ಗೊಣಗುತ್ತಾರೆ ಅಷ್ಟೇ. ಸುಳ್ಳು ಸಾಕ್ಷಿ ಹೇಳಿದರೆ ಮೂರು ತಿಂಗಳ ಹುಳಿ. ತೂಕದಲ್ಲಿ ಮೋಸ ಮಾಡಿದರೆ ಒಂದು ವರ್ಷದ ಉಪ್ಪು. ಉಪ್ಪಿನ ದಂಡ ಬಿದ್ದವರು ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಎಡತುದಿ ಮಡಚಿ ಕೂರುತ್ತಾರೆ, ಬಡಿಸುವವನು ಅಲ್ಲಿ ಉಪ್ಪು ಹಾಕದೆ ಮುಂದೆ ಹೋಗುತ್ತಾನೆ. ಒಂದು ಕಾಲಕ್ಕೆ ಇದು ನಾಚಿಕೆಯ ವಿಷಯವಾಗಿತ್ತು. ಈಗ ಬೀಗರೇ ಎಲೆ ಮಡಚಿ ಕೂತಿದ್ದರೂ ಯಾವ ಕೇಸು ಎಂದು ಕೇಳಿ ಸುಮ್ಮನಾಗುತ್ತಾರೆ. ಆರೂ ರುಚಿ ಮುಗಿದ ಮೇಲೆ ಇನ್ನೊಂದು ದಂಡ ಬಿದ್ದರೆ ಮೂಗಿನ ವಾಸನೆ, ಅದೂ ಮುಗಿದರೆ ಕಿವಿ ಎಂದು ಕಾಯ್ದೆಯಲ್ಲಿದೆ. ಅಷ್ಟು ದೂರ ಹೋದವರನ್ನು ನಾನು ಕಂಡಿರಲಿಲ್ಲ. ಹಬ್ಬದ ಮುಂದೆ ಸಿಹಿಯ ದಂಡ ಬಿದ್ದ ಶಾಲೆಯ ಮಾಸ್ತರನೊಬ್ಬ ಓಡಾಡಿ ತಡೆಯಾಜ್ಞೆ ತಂದು, ಹೋಳಿಗೆಯ ಮೊದಲ ತುತ್ತು ಬಾಯಿಗಿಡುವಾಗ ತಡೆಯಾಜ್ಞೆ ತೆರವಾದದ್ದರ ಮೇಲೆ ನಾನು ಒಂದು ಅಂಕಣ ಬರೆದಿದ್ದೆ. ಊರೆಲ್ಲ ನಕ್ಕಿತ್ತು. ನಗಿಸುವುದು ನನಗೆ ಬರುತ್ತಿತ್ತು.

ಮೆಟ್ಟಿಲಿಗೂ ಒಂದು ಕಟ್ಟಳೆ ಇದೆ. ನ್ಯಾಯಾಧೀಶರು ತಮ್ಮ ತೀರ್ಪಿನಲ್ಲಿ ಮೆಟ್ಟಿಲಿನವನೊಬ್ಬನ ಮಾತನ್ನು ಆಧಾರವಾಗಿ ಎತ್ತಿಕೊಂಡರೆ, ಅಂದು ಸಂಜೆ ಅವನೇ ಮೊದಲು ಎದ್ದು ಮಾತಾಡಬೇಕು. ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕೂ ಅವನಿಗಿದೆ. ಐದೂವರೆಗೆ ಜವಾನ ಬಾಗಿಲು ಮುಚ್ಚುವ ಗಂಟೆ ಹೊಡೆಯುವುದರೊಳಗೆ ‘ಈ ಮಾತನ್ನು ನಾನು ಹಿಂದೆಗೆದುಕೊಂಡೆ’ ಎಂದರೆ ಸಾಕು, ತೀರ್ಪು ಮರುವಿಚಾರಣೆಗೆ ಒಳಗೆ ಹೋಗುತ್ತದೆ. ಹಾಗೆ ಅಂದವನು ಮೆಟ್ಟಿಲು ಇಳಿದು ಹೋಗಬೇಕು, ಮತ್ತೆ ಹತ್ತುವಂತಿಲ್ಲ. ನಮ್ಮಲ್ಲಿ ಹಿರಿಯರಾದ ತಟ್ಟಿಮನಿ ಮಾಸ್ತರು ಅಂಥ ಒಂದು ಘಟನೆಯನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಉಳಿದ ನಮಗೆ ಮಾತು ಎತ್ತಿಕೊಂಡರೆ ಸಾಕು ಎಂಬ ಆಸೆ ಇತ್ತೇ ಹೊರತು, ಹಿಂದೆ ತೆಗೆದುಕೊಳ್ಳುವ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ.

ಇನ್ನು ಅಕ್ಕನ ವಿಷಯ ಹೇಳಬೇಕು. ಕಾಶವ್ವ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಂದಿನಿಂದ ನನ್ನ ಹೊಟ್ಟೆ ಬಟ್ಟೆ ನೋಡಿದವಳು ಅವಳು. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಸ್ಟೇಷನ್ನಿನ ಆಚೆ ಇರುವ ಕುಸುಬಿ ಎಣ್ಣೆಯ ಕಂಪನಿಯಲ್ಲಿ ಮೊದಲು ಕಾಳು ಆರಿಸುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ರೊಟ್ಟಿಗೆ ಎಣ್ಣೆ ಹಾಕಿಕೊಂಡು, ಇದು ಹೋದ ವರ್ಷದ ಕಾಳಿನದು ಎಂದಳಂತೆ. ಹೌದಾಗಿತ್ತು. ಆಮೇಲೆ ಅವಳನ್ನು ರುಚಿ ನೋಡುವ ಕೆಲಸಕ್ಕೆ ಹಾಕಿದರು. ಮೂವತ್ತು ವರ್ಷ ಅದೇ ಕೆಲಸ. ಬೆಳಿಗ್ಗೆ ಚಹಾ ಕೂಡ ಕುಡಿಯದೆ ಹೋಗಿ, ಒಂಬತ್ತು ತೊಟ್ಟಿಗಳ ಮುಂದೆ ನಿಂತು, ಸಪ್ಪೆ ರೊಟ್ಟಿಯ ಚೂರಿನ ಮೇಲೆ ಒಂದೊಂದು ತೊಟ್ಟಿಯ ಒಂದೊಂದು ಹನಿ ಹಾಕಿ ನಾಲಿಗೆಗೆ ಇಟ್ಟುಕೊಳ್ಳುವುದು, ನಡುವೆ ಒಂದು ಗುಟುಕು ಬಿಸಿನೀರು, ಕೊನೆಗೆ ಪುಸ್ತಕದಲ್ಲಿ ತೊಟ್ಟಿಯ ನಂಬರಿನ ಎದುರಿಗೆ ‘ಸರಿ’ ಎಂದು ಬರೆಯುವುದು. ನಾಲಿಗೆ ಮಂದವಾದೀತೆಂದು ಮೂವತ್ತು ವರ್ಷ ಹಸಿಮೆಣಸಿನಕಾಯಿ ಮುಟ್ಟಲಿಲ್ಲ. ಮಿರ್ಚಿ ಭಜಿಯ ಗಾಡಿ ಬಂದರೆ ನನಗೆ ತಂದುಕೊಟ್ಟು, ಎದುರಿಗೆ ಕೂತು, ‘ಹೆಂಗೈತಿ, ಹೇಳ’ ಎನ್ನುತ್ತಿದ್ದಳು. ನಾನು ತಿನ್ನುವುದನ್ನು ನೋಡಿಯೇ ಅವಳು ಮಿರ್ಚಿ ತಿಂದದ್ದು.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಸಂಜೆ ಅವಳು ಮನೆಗೆ ಬಂದು ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದಳು. ಏನಾಯಿತು ಎಂದೆ.

“ಮೂರು ತೊಟ್ಟಿ ಎಣ್ಣಿ ಸರಿ ಇಲ್ಲ. ನಾಲಿಗಿ ಮ್ಯಾಲಿಟ್ಟಾಗ ಗೊತ್ತಾಗೂದಿಲ್ಲ. ನುಂಗಿದ ಮ್ಯಾಲೆ ಹಿಂದಿನಿಂದ ಒಂದು ಕಹಿ ಬರತೈತಿ, ಗಂಟಲದಾಗ. ಬ್ಯಾರೆ ಯಾವುದೋ ಬೀಜ ಕೂಡಿಸ್ಯಾರ.”

“ಮ್ಯಾನೇಜರಗ ಹೇಳಿದಿಲ್ಲ?”

“ಹೇಳಿದೆ. ಸರಿ ಅಂತ ಬರಿಯೂದಿಲ್ಲ ಅಂದೆ. ಆತು ಚೆಲ್ಲಸ್ತೀನಿ ಅಂದ.”

ಅವನು ಚೆಲ್ಲಿಸಲಿಲ್ಲ. ಮೂರನೆಯ ದಿನ ಅವಳು ಪುಸ್ತಕ ತೆರೆದಾಗ ಆ ಮೂರು ತೊಟ್ಟಿಗಳ ಎದುರಿಗೂ ‘ಸರಿ’ ಎಂದು ಬರೆದಿತ್ತು, ಬೇರೆ ಯಾರದೋ ಕೈ. ತಿಂಗಳು ತುಂಬುವುದರೊಳಗೆ ಊರಿನಲ್ಲಿ ಜನರ ಕಾಲು ಬಾತುಕೊಳ್ಳತೊಡಗಿದವು. ಮೊದಲು ಮುದುಕರದು, ಆಮೇಲೆ ಮಕ್ಕಳದು. ಒಂದು ಓಣಿಯಲ್ಲಿ ಚಪ್ಪಲಿ ಹಿಡಿಸುವ ಪಾದವೇ ಉಳಿಯಲಿಲ್ಲ. ಹನ್ನೊಂದು ಜನ ಸತ್ತರು. ಅಕ್ಕ ಆ ತೊಟ್ಟಿಗಳ ಎಣ್ಣೆಯನ್ನು ಒಂದು ಔಷಧಿಯ ಬಾಟಲಿಯಲ್ಲಿ ತುಂಬಿ, ಸೆರಗಿನಲ್ಲಿ ಸುತ್ತಿಕೊಂಡು, ಆಹಾರ ಮಂಡಳಿಯ ಕಚೇರಿಗೆ ತಾನೇ ಹೋಗಿ ಕೊಟ್ಟು ಬಂದಳು. ನನಗೆ ಹೇಳಿದ್ದು ಕೊಟ್ಟುಬಂದ ಮೇಲೆ.

ಕೇಸು ಎಂಟು ತಿಂಗಳು ನಡೆಯಿತು. ತಪ್ಪು ಯಾರದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಂಪನಿಯ ವಕೀಲ ಮುಧೋಳಕರ ಕೂಡ ಅದನ್ನು ಅಲ್ಲಗಳೆಯಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ. ‘ಅಪರಾಧ ಕಂಪನಿಯದು ಅಂತೀರಿ, ಆಗಲಿ. ಕಂಪನಿಗೆ ನಾಲಿಗೆ ಎಲ್ಲಿದೆ? ನಾಲಿಗೆಯಿಲ್ಲದವರಿಂದ ರುಚಿಯನ್ನು ಹೇಗೆ ವಸೂಲು ಮಾಡುತ್ತೀರಿ?’ ಇದು ಹೊಸ ಪ್ರಶ್ನೆಯೇನೂ ಅಲ್ಲ. ಸಿಮೆಂಟಿನ ಕಂಪನಿ, ಬಸ್ಸಿನ ಕಂಪನಿ, ಔಷಧಿಯ ಕಂಪನಿ ಎಲ್ಲವೂ ಇದೇ ಬಾಗಿಲಿನಿಂದ ಹೊರಗೆ ಹೋಗಿದ್ದವು. ಪ್ರತಿಸಲವೂ ಕೋರ್ಟು ಎಚ್ಚರಿಕೆ ಕೊಟ್ಟು ಕೈತೊಳೆದುಕೊಂಡಿತ್ತು. ಬಾತ ಕಾಲಿನ ಜನ ಈ ಸಲ ಮೆಟ್ಟಿಲ ಕೆಳಗೆ ದಿನವೂ ಬಂದು ಕೂರುತ್ತಿದ್ದರು, ನಮ್ಮ ಮುಖ ನೋಡುತ್ತಿದ್ದರು. ಮೆಟ್ಟಿಲಿನವರಲ್ಲಿ ಒಬ್ಬೊಬ್ಬರೂ ಒಂದೊಂದು ವಾದ ಹೂಡಿದೆವು. ಯಾವುದೂ ನಿಲ್ಲಲಿಲ್ಲ.

ಒಂದು ಶುಕ್ರವಾರ ಅಂಕಣ ಬರೆಯುತ್ತ ಕೂತಾಗ ನನಗೆ ಆ ವಾಕ್ಯ ಹೊಳೆಯಿತು. ಹೊಳೆಯಿತು ಎನ್ನುವುದೂ ಜಂಬದ ಮಾತೇ, ಅದಕ್ಕಾಗಿ ನಾನು ಹತ್ತು ಹಾಳೆ ಹರಿದಿದ್ದೆ. ‘ಕಂಪನಿಗೆ ನಾಲಿಗೆಯಿಲ್ಲ ಎಂಬುದು ನಾಲಿಗೆ ಉಳ್ಳವರು ಕಟ್ಟಿದ ಕತೆ. ಕಂಪನಿಯ ಹೆಸರಿನಲ್ಲಿ ಯಾರು ರುಚಿ ನೋಡಿ ಸರಿ ಎನ್ನುತ್ತಾರೋ ಅವರ ನಾಲಿಗೆಯೇ ಕಂಪನಿಯ ನಾಲಿಗೆ.’ ಬರೆದು, ಗಟ್ಟಿಯಾಗಿ ಓದಿಕೊಂಡೆ. ಒಂದು ಅಕ್ಷರ ಸರಿಸುವ ಹಾಗಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಮಾಲೀಕರು. ಲಾಭದ ರುಚಿ ನೋಡಿದವರು, ಸರಿ ಎಂದು ಸಹಿ ಹಾಕಿದವರು. ಅದನ್ನು ಬಿಡಿಸಿ ಬರೆದರೆ ವಾಕ್ಯ ಉದ್ದವಾಗುತ್ತಿತ್ತು.

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಓದಿ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

“ಹಂಗಂದ್ರ ಯಾರ ನಾಲಿಗಿ?”

“ಮಾಲಕರದು. ಮತ್ಯಾರದು?”

“ಮಾಲಕ ಯಾವಾಗ ರುಚಿ ನೋಡ್ಯಾನೋ? ತೊಟ್ಟಿ ಕಡೆ ಹಾದೇ ಇಲ್ಲ ಅಂವ.”

“ಯಕ್ಕಾ, ಅದು ಕಾಯ್ದೆ ಮಾತು. ನಿನಗ ತಿಳಿಯೂದಿಲ್ಲ ಬಿಡ.”

ಅವಳು ಬಿಟ್ಟಳು. ಹಿಟ್ಟಿನ ಕೈಯನ್ನು ಮರಿಗೆಗೆ ಒರೆಸಿ, ಮತ್ತೆ ಬಡಿಯತೊಡಗಿದಳು. ಕಾಯ್ದೆ ಓದದವಳು, ನನ್ನ ಒಂದು ವಾಕ್ಯದೊಳಗಿನ ಕಹಿಯನ್ನು ಒಂದೇ ಸಲಕ್ಕೆ ಹಿಡಿದಿದ್ದಳು. ನನಗೆ ಅವತ್ತು ಕಿವಿಯೂ ಇರಲಿಲ್ಲ.

ಶನಿವಾರ ಅಂಕಣ ಬಂತು. ಭಾನುವಾರದ ಹೊತ್ತಿಗೆ ಆ ವಾಕ್ಯ ಊರ ಬಾಯಲ್ಲಿತ್ತು. ಬಾತ ಕಾಲಿನವರು ಅದನ್ನು ರಟ್ಟಿನ ಮೇಲೆ ಬರೆದು ಕೋರ್ಟಿನ ಮುಂದೆ ಹಿಡಿದು ನಿಂತರು. ಚಹಾದ ಅಂಗಡಿಯವನು ನನ್ನ ಲೋಟಕ್ಕೆ ಕೆನೆ ಹಾಕಿದ. ತಟ್ಟಿಮನಿ ಮಾಸ್ತರು ಬೆನ್ನು ತಟ್ಟಿ, “ವಿರೂಪಾಕ್ಷಿ, ನಲವತ್ತು ವರ್ಷ ಕುಂತೇನಿ, ಇಂಥಾದ್ದು ಒಂದು ನನ್ನ ಬಾಯಾಗ ಬರಲಿಲ್ಲ” ಎಂದರು. ಮುಧೋಳಕರ ವಕೀಲ ಮಾತ್ರ ಮೆಟ್ಟಿಲು ಹತ್ತುವಾಗ ನನ್ನ ಮುಂದೆ ಒಂದು ಗಳಿಗೆ ನಿಂತು, ಛಲೋ ಬರದೀರಿ ಎಂದು ನಗುತ್ತ ಹೋದ. ಆ ನಗು ಏಕೆಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ.

ತೀರ್ಪಿನ ದಿನ ಕೋರ್ಟಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಸಾಕ್ಷಿಗಳ ಬೆಂಚಿನ ಮೇಲೆ ಕೂತಿದ್ದಳು, ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟುಕೊಂಡು. ನ್ಯಾಯಾಧೀಶರು ನಿಧಾನವಾಗಿ ಓದಿದರು. ಕಂಪನಿ ಅಪರಾಧಿ. ಇನ್ನು ಮುಂದೆ ಯಾವ ಕಂಪನಿಯೂ ನಾಲಿಗೆಯಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಈ ನ್ಯಾಯಾಲಯ ವಿಧಿಸಿದ ದಂಡಗಳಲ್ಲೇ ದೊಡ್ಡದನ್ನು ಇಂದು ವಿಧಿಸುತ್ತಿದೆ, ಆರೂ ರುಚಿ, ಕಂಪನಿ ಇರುವ ತನಕ. ಜನ ಎದ್ದು ನಿಂತರು. ನ್ಯಾಯಾಧೀಶರು ಕೈಯೆತ್ತಿ ಅವರನ್ನು ಕೂರಿಸಿ ನನ್ನ ಹೆಸರು ಹೇಳಿದರು, ನನ್ನ ವಾಕ್ಯವನ್ನು ಅಕ್ಷರ ಬಿಡದೆ ಓದಿದರು. ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಅಕ್ಕನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಆಮೇಲೆ ನ್ಯಾಯಾಧೀಶರು ಪುಟ ತಿರುವಿದರು. ಕಂಪನಿಯ ವಕೀಲರು ಈ ತತ್ವವನ್ನು ಪೂರ್ತಿ ಒಪ್ಪಿಕೊಂಡಿದ್ದಾರೆ. ಕಂಪನಿಯ ಹೆಸರಿನಲ್ಲಿ ರುಚಿ ನೋಡಿ ಸರಿ ಎನ್ನಲು ನೇಮಕವಾದವರು ಒಬ್ಬರೇ, ಕಾಶವ್ವ. ಆ ಮೂರು ತೊಟ್ಟಿಗಳ ಎದುರಿನ ಬರಹ ಆಕೆಯದಲ್ಲ ಎಂಬುದನ್ನು ನ್ಯಾಯಾಲಯ ನಂಬುತ್ತದೆ. ಆಕೆಯ ಧೈರ್ಯವನ್ನು ಮೆಚ್ಚುತ್ತದೆ. ಆದರೆ ನಾಲಿಗೆ ಹುದ್ದೆಯದು, ವ್ಯಕ್ತಿಯದಲ್ಲ. ಇದನ್ನು ಕಾಶವ್ವನಿಗೆ ಕೊಟ್ಟ ಶಿಕ್ಷೆಯೆಂದು ಯಾರೂ ಭಾವಿಸಬಾರದು. ದಂಡವನ್ನು ನಾಳೆ ಬೆಳಿಗ್ಗೆ ಆಕೆಯ ನಾಲಿಗೆಯಿಂದ ವಸೂಲು ಮಾಡತಕ್ಕದ್ದು.

ಹೊರಗೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗುಂಪಿನಲ್ಲಿ ಯಾರೋ ಅಂದರು. ಆದರೆ ಹಾಗೆ ಅಂದವರು ಕಡಿಮೆ. ಉಳಿದವರೆಲ್ಲ ಕಂಪನಿ ಸೋತಿತು ಎಂಬುದನ್ನೇ ಹಿಡಿದುಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರು ಗೆದ್ದಿದ್ದರು, ಅದನ್ನು ಅವರ ಕೈಯಿಂದ ಕಸಿಯುವುದು ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ತಟ್ಟಿಮನಿ ಮಾಸ್ತರು ನನ್ನ ತೋಳು ಹಿಡಿದರು.

“ಹಿಂದ ತಗೊಳ್ಳೋ. ಟೈಮ್ ಐತಿ.”

“ತಗೋತೀನ್ರಿ.”

“ಮೆಟ್ಟಿಲು ಇಳೀಬೇಕಾಗತೈತಿ, ಗೊತ್ತೈತಿ ಇಲ್ಲೋ?”

“ಗೊತ್ತೈತ್ರಿ. ಇಳೀತೀನಿ.”

ಸುಳ್ಳು ಹೇಳಲಿಲ್ಲ. ನಿಜವಾಗಿ ಇಳಿಯುವವನಿದ್ದೆ. ನಾನು ಅಕ್ಕನಿಗಿಂತ ಆ ಜಾಗವನ್ನು ಹೆಚ್ಚು ಪ್ರೀತಿಸಿದೆ ಎಂದು ಈಗ ಊರಿನಲ್ಲಿ ಅನ್ನುವವರಿದ್ದಾರೆ, ಅದೂ ಅಲ್ಲ. ಅಷ್ಟಾಗಿದ್ದರೆ ನಾನು ಬರೀ ಸ್ವಾರ್ಥಿಯಾಗುತ್ತಿದ್ದೆ. ನಾನು ಅದಕ್ಕಿಂತ ಕಡೆ. ಆರನೆಯ ಮೆಟ್ಟಿಲ ಮೇಲೆ ಎದ್ದು ನಿಂತಾಗ ಕೆಳಗೆ ಸಾವಿರ ಮುಖಗಳಿದ್ದವು, ನಡುವೆ ಹಸಿರು ಸೀರೆ ಇತ್ತು. ಇದು ನನ್ನ ಕೊನೆಯ ಮಾತು, ಒಮ್ಮೆ ಇಳಿದರೆ ಮತ್ತೆ ಇಲ್ಲ ಎನ್ನಿಸಿತು. ಕೊನೆಯ ಮಾತು ನೆಟ್ಟಗಿರಬೇಕು ಎನ್ನಿಸಿತು. ಇಪ್ಪತ್ತೆರಡು ವರ್ಷ ನಾನು ಮಾತಾಡಿದ್ದು ಒಂದೇ ರೀತಿ, ಮೊದಲು ಹಿನ್ನೆಲೆ, ಆಮೇಲೆ ಹಳೆಯ ತೀರ್ಪು, ಆಮೇಲೆ ಇಂದಿನದು, ತಿರುಳು ಕೊನೆಗೆ. ಹಿಂದೆಗೆದುಕೊಂಡೆ ಎಂಬ ಮಾತನ್ನು ಕೊನೆಗೆ ಇಟ್ಟುಕೊಂಡೆ. ಜನಕ್ಕೆ ಏಕೆ ಎಂದು ಮೊದಲು ಅರ್ಥವಾಗಲಿ, ಆಮೇಲೆ ಹೇಳಿದರೆ ಅದು ನಾಟುತ್ತದೆ ಎಂದುಕೊಂಡೆ.

ಸಿಮೆಂಟಿನ ಕೇಸಿನಿಂದ ಸುರು ಮಾಡಿದೆ. ಬಸ್ಸಿನ ಕೇಸಿಗೆ ಬಂದೆ. ಜನ ಸದ್ದಿಲ್ಲದೆ ಕೇಳುತ್ತಿದ್ದರು. ಹಾಗೆ ಅವರು ಎಂದೂ ಕೇಳಿರಲಿಲ್ಲ. ತೀರ್ಪಿನಲ್ಲಿ ಹುದ್ದೆ ಬೇರೆ ವ್ಯಕ್ತಿ ಬೇರೆ ಎಂದು ಬಂದ ಭಾಗವನ್ನು ನಾನು ಎಷ್ಟು ಚೆನ್ನಾಗಿ ಬಿಡಿಸಿದೆನೆಂದರೆ ಒಬ್ಬ ಮುದುಕ, ಹೌದು ಬಿಡ್ರಿ, ಖರೇ ಐತಿ, ಎಂದು ತಲೆದೂಗಿದ. ಅಕ್ಕನೂ ಕೇಳುತ್ತಿದ್ದಳು. ಮಾಸ್ತರು ನನ್ನ ಅಂಗಿಯ ಹಿಂಭಾಗವನ್ನು ಎರಡು ಸಲ ಜಗ್ಗಿದರು. ಬಂದೆ, ಇನ್ನೊಂದೇ ಅಂಶ ಎಂದು ಕೈಸನ್ನೆ ಮಾಡಿದೆ. “ಆದ್ದರಿಂದ, ಮಹಾಜನರೇ” ಎಂದೆ. ಜವಾನ ಗಂಟೆ ಹೊಡೆದ.

ಹಿಂದೆಗೆದುಕೊಂಡೆ ಎಂದು ಕೂಗಿದೆ. ಗಂಟೆಯ ಸದ್ದಿನ ಮೇಲೆಯೇ ಮೂರು ಸಲ ಕೂಗಿದೆ. ಬಾಗಿಲಿಗೆ ಬೀಗ ಹಾಕುತ್ತಿದ್ದ ಜವಾನ ತಿರುಗಿ ನೋಡಿ, ಸಾಹೇಬ್ರ, ಟೈಮ್ ಆತ್ರಿ, ಎಂದ. ಜನರಿಗೆ ಏನೂ ತಿಳಿಯಲಿಲ್ಲ. ಅದು ನನ್ನ ಭಾಷಣದ ಕೊನೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತಿನ ಬಗ್ಗೆ ಯಾರೂ ಗಾದೆ ಮಾಡಿಲ್ಲ.

ಮನೆಗೆ ಹೋಗುವಾಗ ಅಕ್ಕ ಮಿರ್ಚಿ ಭಜಿಯ ಗಾಡಿಯ ಮುಂದೆ ನಿಂತಳು. ನಮ್ಮೂರಿನಲ್ಲಿ ದೊಡ್ಡ ದಂಡ ಬಿದ್ದವರ ಮನೆಯಲ್ಲಿ ಹಿಂದಿನ ಸಂಜೆ ಬೇಕಾದ್ದೆಲ್ಲ ಮಾಡಿ ಬಡಿಸುವ ಪದ್ಧತಿ ಇದೆ, ನೆಂಟರನ್ನು ಕರೆಯುವುದೂ ಇದೆ. ಅವಳು ಯಾರನ್ನೂ ಕರೆಯಲಿಲ್ಲ. ನಾಲ್ಕು ಭಜಿ ಕಟ್ಟಿಸಿಕೊಂಡಳು, ಖಾರದ ಮೆಣಸಿನಕಾಯಿಯವೇ ಬೇಕೆಂದು ಹೇಳಿ. ಮನೆಗೆ ಬಂದು ಚಾಪೆಯ ಮೇಲೆ ಕೂತು ಒಂದನ್ನು ಕಚ್ಚಿದಳು.

“ಮೂವತ್ತು ವರ್ಷ ಕಾದೆನೋ ಈ ನಾಲಿಗೀನ. ಇನ್ನ ಯಾರ ಸಲುವಾಗಿ ಕಾಯಲಿ.”

ಕಣ್ಣಿನಿಂದ ಮೂಗಿನಿಂದ ನೀರು ಸುರಿಯಿತು. ಕೆನ್ನೆ ಕೆಂಪಾಯಿತು. ನೀರು ಕೊಟ್ಟರೆ ಬೇಡವೆಂದಳು. ನಾಲ್ಕನ್ನೂ ತಿಂದಳು, ತೊಟ್ಟು ಕೂಡ ಬಿಡಲಿಲ್ಲ. ಆಮೇಲೆ ಒಂದು ಚೂರು ಬೆಲ್ಲ ಬಾಯಿಗಿಟ್ಟುಕೊಂಡು ಅದು ಪೂರ್ತಿ ಕರಗುವ ತನಕ ಚೀಪಿದಳು. ನಾನು ಅವಳ ಕಾಲು ಹಿಡಿದು ಅತ್ತೆ. ಯಕ್ಕಾ ನನ್ನನ್ನ ಬೈ, ಹೊಡಿ ಎಂದೆ. ಅವಳು ನನ್ನ ತಲೆ ಮುಟ್ಟಿ, “ನೀ ಛಲೋ ಮಾತಾಡಿದಿ. ನನಗ ಇವತ್ತ ನಿನ್ನ ಕಾಯ್ದೆ ತಿಳೀತು” ಎಂದಳು. ಕುಹಕದಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಕುಹಕ ಬರುವುದಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಕೋರ್ಟಿನ ಅಮೀನ ಬಂದ. ವಸೂಲಿ ಮಾಡುವವನು ಅವನೇ, ವಯಸ್ಸಾದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಚೀಲದಿಂದ ಮುದ್ರೆಯೊತ್ತಿದ ಆರು ಕಾಗದದ ಚೂರುಗಳನ್ನು ತೆಗೆದ. “ಅವ್ವಾರ, ಕಣ್ಣ ಮುಚ್ಚ್ರಿ. ಹತ್ತು ಎಣಸೂದ್ರಾಗ ಮುಗೀತೈತಿ” ಎಂದ. ಒಂದೊಂದು ಚೂರನ್ನು ನೀರಿನಲ್ಲಿ ಅದ್ದಿ ಅವಳ ನಾಲಿಗೆಯ ಮೇಲಿಟ್ಟು, ಹತ್ತು ಎಣಿಸಿ, ಎತ್ತಿ ಡಬ್ಬಿಗೆ ಹಾಕಿದ. ಆರನೆಯದು ಉಪ್ಪು. ಅದನ್ನೂ ಎತ್ತಿ ಡಬ್ಬಿಯ ಮುಚ್ಚಳ ಹಾಕಿದ. ರಸೀದಿ ಬರೆದು ನನ್ನ ಕೈಗೆ ಕೊಟ್ಟ, ಕಂಪನಿಯ ಹೆಸರಿನಲ್ಲಿತ್ತು. ದಂಡ ಪೂರ್ತಿ ವಸೂಲಾಗಿದೆ.

ಅದಾದ ಮೇಲೆ ನಡೆದದ್ದನ್ನೆಲ್ಲ ಮೆಟ್ಟಿಲಿನವರು ಹೊಸ ಯುಗ ಎಂದು ಕರೆದರು. ಮೂರು ಶನಿವಾರ ಅಂಕಣಗಳಲ್ಲಿ ಬೇರೆ ಮಾತಿರಲಿಲ್ಲ. ಅಕ್ಕಪಕ್ಕದ ಊರಿನ ಕೋರ್ಟುಗಳೂ ನನ್ನ ವಾಕ್ಯವನ್ನು ಎತ್ತಿಕೊಂಡವು. ಈಗ ಎಲ್ಲ ಕಂಪನಿಗಳೂ ರುಚಿ ನೋಡುವವರನ್ನು ನೇಮಿಸಿಕೊಂಡಿವೆ. ಸಿಮೆಂಟಿನ ಕಂಪನಿಯಲ್ಲಿ ಕೂಡ ಒಬ್ಬ ವಿಧವೆ ಬೆಳಿಗ್ಗೆ ಹೋಗಿ ಚೀಲಗಳ ಮುಂದೆ ಕೂತು ಬರುತ್ತಾಳೆ. ಅವಳಿಗೆ ಕೆಲಸ ಸಿಕ್ಕಿತೆಂದು ಓಣಿಯವರು ಪೇಢೆ ಹಂಚಿದರು. ನಾನು ಮೆಟ್ಟಿಲು ಇಳಿದಿಲ್ಲ. ಹೊತ್ತು ಮೀರಿ ಹಿಂದೆಗೆದುಕೊಂಡದ್ದು ಲೆಕ್ಕಕ್ಕಿಲ್ಲವಾದ್ದರಿಂದ ಇಳಿಯುವ ಅಗತ್ಯವೂ ಇಲ್ಲವೆಂದು ಉಳಿದ ನಾಲ್ವರು ತೀರ್ಮಾನಿಸಿದರು. ಆರನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಯಾರಾದರೂ ಕಾಗದ ತಂದರೆ ಮಾಸ್ತರ ಕಡೆ ಕೈ ತೋರಿಸುತ್ತೇನೆ.

ಅಕ್ಕ ಕೆಲಸಕ್ಕೆ ಹೋಗುತ್ತಿದ್ದಾಳೆ. ಬಿಟ್ಟುಬಿಡು ಎಂದು ಎಷ್ಟೋ ಸಲ ಹೇಳಿದೆ.

“ನಾ ಬಿಟ್ರ ನನ್ನ ಜಾಗಾಕ್ಕ ಇನ್ನೊಬ್ಬಾಕಿ ಬರತಾಳ. ದಂಡ ಹುದ್ದೇದು ಅಂದಿಯಲ್ಲ, ಆಕಿ ನಾಲಿಗೀನೂ ಹೋಗತೈತಿ. ನಂದು ತಿರಗಿ ಬರಂಗಿಲ್ಲ. ಮತ್ಯಾಕ?”

ನಾನೇ ಮೆಟ್ಟಿಲ ಮೇಲೆ ನಿಂತು ಬಿಡಿಸಿ ಹೇಳಿದ ಅಂಶ ಅದು. ಮೊದಲು ನಿಂತು ರುಚಿ ನೋಡುತ್ತಿದ್ದವಳಿಗೆ ಈಗ ಕಂಪನಿಯವರು ಕುರ್ಚಿ ಕೊಟ್ಟಿದ್ದಾರೆ. ಒಂಬತ್ತು ತೊಟ್ಟಿಯ ಎಣ್ಣೆಯನ್ನೂ ರೊಟ್ಟಿಯ ಚೂರಿನ ಮೇಲೆ ಹಾಕಿಕೊಂಡು ಬಾಯಿಗಿಡುತ್ತಾಳೆ, ನಡುವೆ ಬಿಸಿನೀರು ಕುಡಿಯುತ್ತಾಳೆ, ಪುಸ್ತಕದಲ್ಲಿ ಒಂಬತ್ತು ಸಲ ಸರಿ ಎಂದು ಬರೆಯುತ್ತಾಳೆ. ಬರೆಯದಿದ್ದರೆ ಬೇರೆ ಕೈ ಬರೆಯುತ್ತದೆ ಎಂಬುದು ಅವಳಿಗೆ ಗೊತ್ತು. ಮನೆಯಲ್ಲಿ ಅಡುಗೆಯನ್ನೂ ಅವಳೇ ಮಾಡುತ್ತಾಳೆ. ಕೈ ಅಳತೆಯಲ್ಲಿ ಉಪ್ಪು ಹಾಕುತ್ತಾಳೆ, ಹೆಚ್ಚು ಕಡಿಮೆ ಆಗುತ್ತದೆ. ನನ್ನ ಎದುರಿಗೆ ಕೂತು ಮೊದಲಿನ ಹಾಗೆಯೇ ಕೇಳುತ್ತಾಳೆ, ಹೆಂಗೈತಿ. ಸರಿ ಐತಿ ಎನ್ನುತ್ತೇನೆ. ಒಂದು ದಿನ ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು, ಅವತ್ತೂ ಸರಿ ಐತಿ ಎಂದೆ.

ಮೊನ್ನೆ ಸಂಜೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಚಟ್ನಿಯ ನಡುವೆ ಗುಣಿ ಮಾಡಿ ಎಣ್ಣೆ ಹಾಕಿದ್ದಳು, ಕಂಪನಿಯಿಂದ ಅಂದೇ ತಂದದ್ದು. ಒಂದು ತುತ್ತು ತಿಂದೆ. ನಾಲಿಗೆಯ ಮೇಲೆ ಏನೂ ಇರಲಿಲ್ಲ. ನುಂಗಿದ ಮೇಲೆ ಗಂಟಲಿನಲ್ಲಿ, ಹಿಂದಿನಿಂದ, ಒಂದು ಕಹಿ ಬಂತು. ಇನ್ನೊಂದು ತುತ್ತು ತಿಂದು ನೋಡಿದೆ. ಹೌದು. ಅವಳು ಹೇಳಿದ್ದು ಹೀಗೇ ಎಂದು ನನಗೆ ಚೆನ್ನಾಗಿ ನೆನಪಿತ್ತು.

ಕೈ ನಿಂತುಬಿಟ್ಟಿತು. ಹೇಳಿದರೆ ಅವಳು ಬಾಟಲಿ ಹುಡುಕುತ್ತಾಳೆ, ನಾಳೆ ಬೆಳಿಗ್ಗೆಯೇ ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಾಳೆ. ಕೇಸಾಗುತ್ತದೆ. ಈ ಸಲ ಎಂಟು ತಿಂಗಳು ಬೇಕಾಗಿಲ್ಲ, ಆಧಾರ ಸಿದ್ಧವಿದೆ. ತೊಟ್ಟಿಯ ಎದುರಿಗೆ ಸರಿ ಎಂದು ಬರೆದ ಕೈಯೂ ಈ ಸಲ ಅವಳದೇ. ರುಚಿ ಮುಗಿದಿದೆ, ಇನ್ನು ವಾಸನೆ. ಆಮೇಲೆ ಕಿವಿ. ಹೇಳದಿದ್ದರೆ ಓಣಿಯ ಕಾಲುಗಳು ಮತ್ತೆ ಬಾತುಕೊಳ್ಳುತ್ತವೆ, ನನ್ನವೂ. ಇಪ್ಪತ್ತೆರಡು ವರ್ಷ ಊರಿನ ತೀರ್ಪುಗಳನ್ನೆಲ್ಲ ಬಿಡಿಸಿ ಹೇಳಿದವನು ನಾನು. ಈ ಒಂದು ತುತ್ತನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಯೋಚಿಸಲು ಹೊತ್ತೂ ಇರಲಿಲ್ಲ, ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

“ಹೆಂಗೈತೋ?”

“ಸರಿ ಐತಿ” ಎಂದೆ.

ಅವಳಿಗೆ ಸಮಾಧಾನವಾಯಿತು. ಬಟ್ಟಲು ಹತ್ತಿರಕ್ಕೆ ಎಳೆದುಕೊಂಡು ಚಟ್ನಿಯ ಮೇಲೆ ಇನ್ನೊಂದು ಚಮಚ ಎಣ್ಣೆ ಹಾಕಿದಳು.